ನಡುವಿನ ಎರಡು ಅಕ್ಷರ

ವನಜಾಬಾಯಿ ಹಸಿರು ಸೀರೆ ಉಟ್ಟುಕೊಂಡು ಬಂದರಲ್ಲ, ಆ ದಿನದ ರಗಳೆಗೆಲ್ಲ ಅದೇ ಮೂಲ. ಉಟ್ಟರೆ ಉಡಲಿ ಬಿಡಿ, ಯಾರಪ್ಪನ ಗಂಟೇನು ಹೋಯಿತು ಅಂತ ನೀವು ಕೇಳಬಹುದು. ಬೇರೆ ಯಾರ ಮನೆಗೆ ಹೋಗಿದ್ದರೂ ಯಾರ ಗಂಟೂ ಹೋಗುತ್ತಿರಲಿಲ್ಲ. ಅವರು ಬಂದದ್ದು ಪ್ರಹ್ಲಾದರಾಯರ ಮನೆಗೆ, ನಿಂತದ್ದು ರಾಯರು ಗೋಡೆಗೆ ಮೊಳೆ ಹೊಡೆದು ಇಳಿಬಿಟ್ಟಿದ್ದ ಹಸಿರು ಬಟ್ಟೆಯ ಮುಂದೆ. ಹಸಿರಿನ ಮುಂದೆ ಹಸಿರು. ರಾಯರು ಕ್ಯಾಮೆರಾದಲ್ಲಿ ಒಮ್ಮೆ ಇಣುಕಿ ನೋಡಿ ಕುರ್ಚಿಯಲ್ಲಿ ಕುಸಿದು ಕೂತರು.

ಹಾಗೆ ನೋಡಿದರೆ ರಾಯರು ವಿಡಿಯೋದ ಮನುಷ್ಯರೇ ಅಲ್ಲ. ಹೈದರಾಬಾದಿನ ಒಂದು ರಕ್ಷಣಾ ಕಾರ್ಖಾನೆಯ ಸ್ಟೋರ್ಸಿನಲ್ಲಿ ನಟ್ಟು ಬೋಲ್ಟುಗಳ ನಡುವೆ ಕೂದಲು ಹಣ್ಣು ಮಾಡಿಕೊಂಡವರು. ಹೋದ ವರ್ಷ ಕಾಲು ಮುರಿದು ಮನೆಯಲ್ಲಿ ಬಿದ್ದುಕೊಂಡಿದ್ದಾಗ, ಅಪ್ಪನ ಹೊತ್ತು ಹೋಗಲಿ ಅಂತ ಮಗ ಕಾರ್ತಿಕ ತನ್ನ ಹಳೆ ಕಂಪ್ಯೂಟರಿಗೆ ಒಂದು ಸಾಫ್ಟ್‌ವೇರ್ ಹಾಕಿ ಕೊಟ್ಟ. ಅದರಲ್ಲಿ ಅಕ್ಷರಗಳನ್ನು ಕುಣಿಸಬಹುದು, ಹಾರಿಸಬಹುದು, ಒಂದೊಂದಾಗಿ ಉದುರಿಸಬಹುದು. ಇನ್ನೊಂದು ಚಮತ್ಕಾರ ಇತ್ತು, ಕೀಯಿಂಗ್ ಅಂತ. ಮನುಷ್ಯನನ್ನು ಹಸಿರು ಬಟ್ಟೆಯ ಮುಂದೆ ನಿಲ್ಲಿಸಿ ವಿಡಿಯೋ ತೆಗೆಯುವುದು, ಆಮೇಲೆ 'ಹಸಿರು ತೆಗಿ' ಅಂತ ಕಂಪ್ಯೂಟರಿಗೆ ಹೇಳುವುದು. ಹಸಿರೆಲ್ಲ ಮಾಯವಾಗಿ ಮನುಷ್ಯ ಮಾತ್ರ ಉಳಿಯುತ್ತಾನೆ. ಅವನ ಹಿಂದೆ ಕಾಶಿಯನ್ನಾದರೂ ಇಡಿ, ಕಾಶ್ಮೀರವನ್ನಾದರೂ ಇಡಿ, ನಿಮ್ಮಿಷ್ಟ. ರಾಯರು ಕಲಿತರು. ಕಲಿತದ್ದು ತಪ್ಪಲ್ಲ, ಕಲಿತದ್ದನ್ನು ಪಕ್ಕದ ಮನೆಯ ಸಾವಿತ್ರಿಬಾಯಿಗೆ ತೋರಿಸಿದ್ದು ತಪ್ಪು. ಅಂದು ಸಂಜೆಯೊಳಗೆ ಇಡೀ ಕ್ವಾರ್ಟರ್ಸಿಗೆ ಸುದ್ದಿ ಮುಟ್ಟಿತು.

ಅಲ್ಲಿಂದ ಇಲ್ಲಿಯವರೆಗೆ ಆ ಕಾಲೋನಿಯಲ್ಲಿ ಯಾರದೇ ಹುಟ್ಟುಹಬ್ಬ, ಯಾರದೇ ಗೃಹಪ್ರವೇಶ, ಯಾರದೇ ಅರವತ್ತರ ಶಾಂತಿ ಇರಲಿ, "ರಾಯರ, ಒಂದ ಸಣ್ಣ ವಿಡಿಯೋ ರೀ" ಅಂತ ಬಾಗಿಲು ಬಡಿಯುವುದೇ. ಸಣ್ಣ ವಿಡಿಯೋ ಅಂತೆ! ಮಾಡುವವನ ಕಣ್ಣು ಕೇಳಬೇಕು ಅದು ಎಷ್ಟು ಸಣ್ಣದು ಅಂತ. ರಾಯರಿಗೆ ಒಲ್ಲೆ ಅನ್ನುವ ಶಬ್ದ ಬಾಯಿಗೆ ಬರುವುದಿಲ್ಲ. ಬಂದರೂ ಹಲ್ಲಿನ ಹಿಂದೆಯೇ ನಿಂತುಬಿಡುತ್ತದೆ.

ಆದರೆ ಈ ಸಲದ ವಿಡಿಯೋವನ್ನು ಅವರು ಆಸೆಯಿಂದಲೇ ಒಪ್ಪಿಕೊಂಡಿದ್ದರು. ಸೊಸೆ ಹರ್ಷದಾ ಹೆರಿಗೆಗೆ ಅಂತ ತವರುಮನೆ ವಿಜಯಪುರಕ್ಕೆ ಹೋಗಿದ್ದಳು, ಹೆಣ್ಣುಕೂಸು ಹುಟ್ಟಿತ್ತು, ನಾಳೆ ಬೆಳಿಗ್ಗೆ ತೊಟ್ಟಿಲ ಶಾಸ್ತ್ರ. ಮೊದಲನೆಯ ಮೊಮ್ಮಗಳು. ಹೆಂಡತಿ ತುಳಸಾಬಾಯಿ ಮತ್ತು ಕಾರ್ತಿಕ ಆಗಲೇ ಅಲ್ಲಿದ್ದರು. ರಾಯರು ಕೂಸಿನ ಮುಖ ಇನ್ನೂ ಫೋನಿನಲ್ಲಷ್ಟೇ ನೋಡಿದ್ದರು. ಕೋಠಿ ಪೇಟೆಗೆ ಹೋಗಿ, ಆ ಗದ್ದಲದಲ್ಲಿ ಅಂಗಡಿ ಅಂಗಡಿ ತಿರುಗಿ, ಕೂಸಿನ ತಲೆಗೆ ಮೆತ್ತನೆಯ ಅರಿವೆಯ ಕುಂಚಿಗೆಯೊಂದನ್ನು ಆರಿಸಿ ತಂದಿದ್ದರು. ಸಂಜೆಯ ಬಸ್ಸಿಗೆ ಟಿಕೆಟ್ ಆಗಿತ್ತು. ಆಗಬೇಕಾಗಿದ್ದದ್ದು ರಜೆಯೊಂದೇ.

ರಜೆ ಕೊಡಬೇಕಾದವರು ನರಹರಿ ಸಾಹೇಬರು. ಒಳ್ಳೆಯವರೇ, ಇಲ್ಲ ಅನ್ನುವ ಹಾಗಿಲ್ಲ. ಆದರೆ ರಜೆ ಕೇಳಿದರೆ ಮಾತ್ರ ಅವರ ಹೊಲದಲ್ಲಿ ಪಾಲು ಕೇಳಿದಂತೆ ಮುಖ ಮಾಡುವರು. ತಾವೂ ಸರ್ವೀಸಿನುದ್ದಕ್ಕೂ ರಜೆ ತೆಗೆದುಕೊಂಡವರಲ್ಲ. ಅವತ್ತು ಅವರ ನಿವೃತ್ತಿ. ವಾರದ ಹಿಂದೆಯೇ ಅವರು ರಾಯರನ್ನು ಕರೆದು ಹೇಳಿದ್ದರು: "ಪ್ರಹ್ಲಾದರಾವ್, ನನ್ನ ಬೀಳ್ಕೊಡುಗಿ ವಿಡಿಯೋ ಒಂದ ಛಲೋ ಮಾಡಿ ಕೊಡ್ರಿ. ಸಭಾದಾಗ ಎಲ್ಲಾರ ಮುಂದ ನಿಮ್ಮ ರಜಾ ಮಂಜೂರು ಮಾಡಿ ಹೋಗ್ತೀನಿ. ಅದ ನನ್ನ ಕಡೀ ಸಹಿ."

ಅಂಥ ಸಾಹೇಬರ ಧರ್ಮಪತ್ನಿ ಈ ವನಜಾಬಾಯಿ. ಗಂಡನ ಬಗ್ಗೆ ನಾಲ್ಕು ಮಾತಾಡಲು ಬಂದಿದ್ದರು. ಹಿಂದುಗಡೆ ಕಾಶ್ಮೀರ ಇಡಬೇಕು ಅಂತ ಮೊದಲೇ ಹೇಳಿ ಕಳಿಸಿದ್ದರು.

"ಲಗ್ನ ಆದಾಗಿಂದ ಕಾಶ್ಮೀರಕ್ಕ ಕರಕೊಂಡ ಹೋಗ್ತೀನಿ ಅಂತಾರ ಇವರು. ರಜಾನ ಸಿಗಲಿಲ್ಲ. ಈಗ ರಿಟೈರ್ ಆಗ್ತಾರ, ಹೋಗೇ ಹೋಗ್ತೀವಿ. ಅದಕ್ಕ ಮದಲ ವಿಡಿಯೋದಾಗರ ಹೋಗಿ ಬರೂಣು ಅಂತ," ಅಂದು ಸೆರಗು ಸರಿಮಾಡಿಕೊಂಡರು.

"ಬಾಯೀರ, ಹಸರು ಸೀರಿ ನಡಿಯೂದಿಲ್ರಿ," ಅಂದರು ರಾಯರು ಮೆಲ್ಲಗೆ.

"ಯಾಕ, ಛಂದ ಇಲ್ಲೇನು?"

ಬಾಯಲ್ಲಿ ಹೇಳಿದರೆ ತಿಳಿಯುವ ಮಾತಲ್ಲ ಅಂತ ರಾಯರು ಮಾಡಿಯೇ ತೋರಿಸಿದರು. ಹಸಿರು ತೆಗಿ ಅಂದರು, ಕಂಪ್ಯೂಟರ್ ತೆಗೆಯಿತು. ಕಾಶ್ಮೀರದ ಹಿಮದ ಮೇಲೆ ವನಜಾಬಾಯಿಯ ತಲೆಯೊಂದು, ಕೈಗಳೆರಡು, ನಡುವೆ ತೂಗುವ ಸರವೊಂದು. ಅಷ್ಟೇ. ತಲೆ ಮಾತ್ರ ನಗುನಗುತ್ತ "ನಮ್ಮನಿಯವರು ಭಾಳ ಸಾದಾ ಮನಶಾರು" ಅನ್ನುತ್ತಿತ್ತು.

"ಅಯ್ಯ ಶಿವನ! ನನ್ನ ಮೈ ಎಲ್ಲಿ ಹೋತ್ರಿ?" ಅಂತ ಅವರು ಚೀರಿದ ಸದ್ದಿಗೆ ಸಾವಿತ್ರಿಬಾಯಿ ಲಟ್ಟಣಿಗೆ ಹಿಡಿದುಕೊಂಡೇ ಓಡಿ ಬಂದರು.

"ಬ್ಯಾರೆ ಬಣ್ಣದ ಸೀರಿ ಉಟಗೊಂಡ ಬಂದ್ರ ಎಲ್ಲಾ ಸರಿ ಆಗತೈತ್ರಿ," ಅಂತ ರಾಯರು ಸಮಾಧಾನ ಮಾಡಲು ನೋಡಿದರು.

ತಗೋ, ಅಲ್ಲಿಗೆ ಮುಗಿಯಿತು. "ಏನಂದ್ರಿ? ಮುತ್ತೈದಿ ಮೈಮ್ಯಾಲಿನ ಹಸರು ತಗೀ ಅಂತೀರಿ? ಅದೂ ಇವತ್ತಿನಂಥ ದಿನ? ಹಸರು ಸೀರಿ ಬ್ಯಾಡ ಅಂದ್ರಿ, ಇನ್ನ ಬಳಿನೂ ತಗೀ ಅಂತೀರೋ ಏನೋ!" ಅಂತ ವನಜಾಬಾಯಿಯ ಕಣ್ಣಲ್ಲಿ ನೀರೇ ಬಂತು.

ಸಾವಿತ್ರಿಬಾಯಿ ಲಟ್ಟಣಿಗೆಯನ್ನು ರಾಯರ ಕಡೆ ತೋರಿಸಿ, "ರಾಯರ, ಓದಿದವರಾಗಿ ಹಿಂಗ ಮಾತಾಡಬಾರದು ನೋಡ್ರಿ. ಸೀರಿ ಬದಲಿ ಮಾಡೂ ಬದಲಿ ನಿಮ್ಮ ಪರದೆ ಬದಲಿ ಮಾಡ್ರಿ. ನಮ್ಮನ್ಯಾಗ ನೀಲಿ ಚಾದರ ಐತಿ," ಅಂತ ತೀರ್ಪು ಕೊಟ್ಟರು.

ಕೊಟ್ಟ ತೀರ್ಪು ಸರಿಯೇ ಇತ್ತು. ನೀಲಿಯನ್ನೂ ಹಾಗೆಯೇ ತೆಗೆಯಬಹುದು. ಆದರೆ ಆ ಚಾದರದ ತುಂಬ ಹಳದಿ ಹೂಗಳಿದ್ದವು. ನೀಲಿ ಹೋಯಿತು, ಹೂಗಳು ಹೋಗಲಿಲ್ಲ. ಕಾಶ್ಮೀರದ ಆಕಾಶದಲ್ಲಿ ತಟ್ಟೆಯಷ್ಟಗಲದ ಹೂಗಳು ನಿಂತೇ ಇದ್ದವು. ರಾಯರು ಒಂದೊಂದನ್ನೇ ಅಳಿಸಲು ಹೊರಟರೆ ವನಜಾಬಾಯಿ, "ಇರಲಿ ಬಿಡ್ರಿ, ಹೂವಿನ ಮಳಿ ಬಿದ್ದಂಗ ಕಾಣತೈತಿ," ಅಂತ ಖುಷಿಯಾಗಿ ಎದ್ದು ಹೋದರು. ಇಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಬೆಳಿಗ್ಗೆ ಮಾಡಿಟ್ಟ ಚಹಾದ ಮೇಲೆ ಕೆನೆ ಕಟ್ಟಿತ್ತು. ರಾಯರು ಅದನ್ನೇ ಕುಡಿದರು.

ಆಮೇಲೆ ನರಹರಿ ಸಾಹೇಬರು ಬಂದರು. ನೀಲಿ ಸೂಟು ಹಾಕಿಕೊಂಡು! ಚಾದರ ಇಳಿಸಿ ಮತ್ತೆ ಹಸಿರು ಬಟ್ಟೆ ಏರಿಸುವಷ್ಟರಲ್ಲಿ ರಾಯರ ಮುರಿದ ಕಾಲು ನಾನು ಇದ್ದೇನೆ ಅಂತ ನೆನಪು ಮಾಡಿತು. ಸಾಹೇಬರಿಗೆ ಹಿಂದುಗಡೆ ಸಮುದ್ರ ಬೇಕು, ಸಮುದ್ರದ ಮೇಲೆ ಯುದ್ಧದ ಹಡಗು ಬೇಕು.

"ಸಾಹೇಬ್ರ, ನಾವು ಮಾಡೂದು ಬರೇ ಬೇರಿಂಗ್ ಅಲ್ರೀ?" ಅಂದರು ರಾಯರು.

"ಆ ಬೇರಿಂಗ್ ಹಡಗಿನ ಒಳಗ ಇರತಾವಲ್ಲ? ಮಂದಿಗೆ ಬೇರಿಂಗ್ ತೋರಿಸಿದ್ರ ಯಾರ ಚಪ್ಪಾಳಿ ಹೊಡೀತಾರ?" ಅಂದರು ಸಾಹೇಬರು. ಸಮುದ್ರವನ್ನು ಒಮ್ಮೆಯೂ ಕಾಣದ ಮನುಷ್ಯ ಗೋಡೆಯ ಕಡೆ ತಿರುಗಿ ಅಲೆ ನೋಡಿದಂತೆ ಕಣ್ಣು ಕಿರಿದು ಮಾಡಿ ನಿಂತರು. ಹೋಗುವಾಗ ರಾಯರ ಬೆನ್ನು ತಟ್ಟಿ, "ನಿಮ್ಮ ರಜಾ ನನ್ನ ನೆನಪಿನ್ಯಾಗ ಐತಿ. ನೀವು ಮಾತ್ರ ಅಕ್ಷರ ಛಲೋ ಕುಣಸ್ರಿ," ಅಂದರು. ರಾಯರಿಗೆ ಕಾಲುನೋವು ಅರ್ಧ ಇಳಿಯಿತು.

ಅಕ್ಷರ ಕುಣಿಸುವ ವಿಷಯದಲ್ಲಿ ತಲೆ ಹಾಕಲು ಸೂಗಪ್ಪ ಇದ್ದೇ ಇದ್ದ. ಕಾಲೋನಿಯ ಕನ್ನಡ ಸಂಘದ ಸೆಕ್ರೆಟರಿ. ಇಂದಿನ ಸಮಾರಂಭದ ಉಸಾಬರಿಯೆಲ್ಲ ಅವನದೇ. ಹೂವು, ಶಾಲು, ಖಾರಾ ಬೂಂದಿ, ಮೈಕು ಎಲ್ಲದರ ನಡುವೆ ಗಳಿಗೆಗೊಮ್ಮೆ ಫೋನು ಮಾಡುವನು. "ರಾಯರ, ಅಕ್ಷರ ಸುಮ್ಮ ಬಂದು ನಿಂದರಬಾರದು. ಟೈಪ್ ಮಾಡಿದಂಗ ಟಕ್ ಟಕ್ ಟಕ್ ಅಂತ ಒಂದೊಂದ ಬರಬೇಕು. ಏಕ್ದಮ್ ಸಿನಿಮಾದಂಗ."

ಸರಿ ಮಾರಾಯಾ ಅಂತ ರಾಯರು ಮಾಡಿದರು. ಮೇಲೆ ಸಾಹೇಬರ ಫೋಟೋ, ಫೋಟೋದ ಸುತ್ತ ಹೂವಿನ ಚೌಕಟ್ಟು, ಕೆಳಗೆ 'ಶ್ರೀ ನರಹರಿ ಸತ್ಕಾರ ಸಮಾರಂಭ' ಅಂತ ಅಕ್ಷರಗಳು ಒಂದೊಂದಾಗಿ ಮೂಡಬೇಕು. ನೋಡೋಣ ಅಂತ ಗುಂಡಿ ಒತ್ತಿದರು. ಟಕ್ ಟಕ್ ಅಂತ ಬಂದವು ನೋಡಿ ಅಕ್ಷರಗಳು, ನಡುವೆ ಎಲ್ಲೋ ಕಂಪ್ಯೂಟರಿಗೆ ದಮ್ಮು ಹತ್ತಿತು. ಅದು ಹಳೆಯದು, ರಾಯರಿಗಿಂತ ಹೆಚ್ಚು ದಣಿದದ್ದು. ಅಲ್ಲಿಗೇ ನಿಂತಿತು. ಪರದೆಯ ಮೇಲೆ ಸಾಹೇಬರ ಫೋಟೋ, ಹೂವು, ಕೆಳಗೆ ದೊಡ್ಡದಾಗಿ:

ಶ್ರೀ ನರಹರಿ ಸತ್

ಏನು ಒತ್ತಿದರೂ ಮುಂದಕ್ಕೆ ಹೋಗಲೊಲ್ಲದು. ರಾಯರು ಕಂಪ್ಯೂಟರನ್ನು ಅದರ ಪಾಡಿಗೆ ಬಿಟ್ಟು ಮುಖ ತೊಳೆಯಲು ಬಚ್ಚಲಿಗೆ ಹೋದರು. ಚಾದರ ಒಯ್ಯಲು ಸಾವಿತ್ರಿಬಾಯಿ ಬಂದದ್ದು ಆವಾಗಲೇ. ಬಂದರು, ಪರದೆ ನೋಡಿದರು, ಬಾಯಿಗೆ ಸೆರಗು ಮುಚ್ಚಿಕೊಂಡು ಹಾಗೇ ಹೊರಗೆ ನಡೆದರು. ಚಾದರವನ್ನೂ ಮರೆತರು.

ರಾಯರು ಮುಖ ಒರೆಸಿಕೊಂಡು ಬಂದು, ಕಂಪ್ಯೂಟರ್ ಆರಿಸಿ, ಮತ್ತೆ ಹಚ್ಚಿ, ಕಳೆದುಹೋದ ಕೆಲಸವನ್ನು ಎಳೆದು ಜೋಡಿಸಿ ಇನ್ನೇನು ಒಂದು ದಾರಿಗೆ ತಂದರು ಅನ್ನುವಾಗ ಫೋನು ಬಂತು. ಸಾಹೇಬರದು.

"ಪ್ರಹ್ಲಾದರಾವ್, ನಮ್ಮನಿ ಮುಂದ ಮಂದಿ ಕೂಡಾಕತ್ತಾರ. ಚಪ್ಪಲಿ ಹೊರಗ ಬಿಟ್ಟು ಮಾತಿಲ್ಲದ ಕುಂತಾರ. ಒಬ್ಬಾಂವ ದೊಡ್ಡ ಹಾರ ತಂದಾನ. ನಾನ ಬಾಗಲಾ ತಗದೆ. ಅಂವಾ ನನ್ನ ನೋಡಿದ, ಹಾರ ನೋಡಿದ, ಹಿಂದಕ್ಕ ಸರದ. ಏನಪಾ ಅಂದ್ರ, ಕಂಪ್ಯೂಟರಿನ್ಯಾಗ ಬಂದೈತಂತ, ಸಾವಿತ್ರಿಬಾಯಿ ಕಣ್ಣಾರೆ ನೋಡ್ಯಾರಂತ. ಏನ ಬಂದೈತ್ರಿ ಕಂಪ್ಯೂಟರಿನ್ಯಾಗ?"

ರಾಯರು ಕಾಲೆಳೆದುಕೊಂಡು ಓಡಿದರು. ಸಾಹೇಬರ ಅಂಗಳ ತುಂಬಿತ್ತು. ವನಜಾಬಾಯಿ ಒಳಗೆ ಅಳುತ್ತಿದ್ದರು. ಗಂಡ ಎದುರಿಗೇ ನಿಂತಿದ್ದರೂ ಅಳುತ್ತಿದ್ದರು, ಏಕೆಂದರೆ ಶುರು ಮಾಡಿಬಿಟ್ಟಿದ್ದರು.

"ಅದು ಹಂಗಲ್ರೀ," ಅಂತ ರಾಯರು ಏದುಸಿರು ಬಿಡುತ್ತ ಹೇಳಿದರು. "ಅದು ಬರೇ ಸತ್ ಅಲ್ಲ. ಸತ್ ಆದ ಮ್ಯಾಲೆ ಕಾರ ಬರತೈತ್ರಿ."

"ಸತ್ತ ಮ್ಯಾಲೆ ಕಾರ್ ಯಾಕ ಬೇಕು? ಆಂಬುಲೆನ್ಸ್ ಬರತೈತಿ," ಅಂದ ಹಾರ ಹಿಡಿದವನು.

"ಕಾರ್ ಅಲ್ಲೋ ಮಾರಾಯಾ! ಸತ್ಕಾರ, ಸತ್ಕಾರ! ಅರ್ಧಕ್ಕ ನಿಂತಿತ್ತು!"

ತಿಳಿಯಲು ಒಂದಿಷ್ಟು ಹೊತ್ತು ಹಿಡಿಯಿತು. ತಿಳಿದ ಮೇಲೆ ಮಂದಿ ಒಬ್ಬೊಬ್ಬರೇ ಚಪ್ಪಲಿ ಮೆಟ್ಟಿಕೊಂಡು, ಸಾಹೇಬರು ಬದುಕಿದ್ದಕ್ಕೆ ಸಾಹೇಬರನ್ನೇ ತಪ್ಪಿತಸ್ಥರಂತೆ ನೋಡುತ್ತ ಹೋದರು. ಹಾರ ತಂದವನು ಹೇಗೂ ಸಂಜೆಗೆ ಬೇಕಲ್ಲ ಅಂತ ಅದನ್ನು ಅಲ್ಲೇ ಬಂದು ನಿಂತಿದ್ದ ಸೂಗಪ್ಪನ ಕೈಗೆ ಕೊಟ್ಟ. ಸೂಗಪ್ಪ ಬೇಡ ಅನ್ನಲಿಲ್ಲ.

ವನಜಾಬಾಯಿ ಕಣ್ಣೊರೆಸಿಕೊಂಡು ಹೊರಗೆ ಬಂದು ರಾಯರ ಮುಂದೆ ನಿಂತರು. "ರಾಯರ, ಆದದ್ದ ಆತು. ಆದ್ರ ಇದು ಭಾಳ ಅಪಶಕುನ. ಇವರ ಹೆಸರ ಬರಿಯೂವಾಗ ನಡುವಿನ ಎರಡ ಅಕ್ಷರ ಹಸರ ಬಣ್ಣದಾಗ ಬರೀರಿ. ನನ್ನ ಸೀರಿ ಬಣ್ಣ. ಮುತ್ತೈದಿ ಹಸರು ನಡುವ ಇದ್ರ ಯಾ ಗಂಡಾಂತರಾನೂ ತಟ್ಟಂಗಿಲ್ಲ."

"ಹಾಂ, ಬರೋಬ್ಬರಿ!" ಅಂತ ಸೂಗಪ್ಪ ಹಾರ ಹಿಡಿದುಕೊಂಡೇ ಕೂಗಿದ. "ಮದಲಿಂದು ಕೆಂಪು, ಕಡೀದು ಹಳದಿ, ನಡುವ ಎರಡು ಹಸರು. ಏಕ್ದಮ್ ಕಳಾ ಬರತೈತಿ!"

ಅವರು ಹೇಳಿದ ಮೇಲೆ ಆಯಿತು. ರಾಯರು ಮನೆಗೆ ಬಂದು ಟಕ್ ಟಕ್ ತೆಗೆದು ಒಗೆದರು. ಬೇರೆ ಕುಣಿತ ಹಾಕಿದರು. ಈಗ ನ, ರ, ಹ, ರಿ ನಾಲ್ಕೂ ಅಕ್ಷರ ನಾಲ್ಕು ದಿಕ್ಕಿನಿಂದ ಹಾರಿ ಬಂದು ಸಾಹೇಬರ ಎದೆಯ ಮೇಲೆ ಸಾಲಾಗಿ ನಿಲ್ಲುತ್ತಿದ್ದವು. ನ ಕೆಂಪು, ರ ಹಸಿರು, ಹ ಹಸಿರು, ರಿ ಹಳದಿ. ನೋಡಲು ಲಕ್ಷಣವಾಗೇ ಇತ್ತು, ಸುಳ್ಳು ಯಾಕೆ ಹೇಳಬೇಕು.

ಒಂದೇ ಒಂದು ಕೊರತೆ ಉಳಿದಿತ್ತು. ಸಾಹೇಬರ ಬೋಳು ತಲೆಯ ಅಂಚಿಗೆ ಪರದೆಯ ಹಸಿರು ಇನ್ನೂ ಪಾಚಿಯಂತೆ ಅಂಟಿಕೊಂಡಿತ್ತು. ಅದನ್ನು ಬಿಡಿಸುತ್ತ ಕೂತರೆ ಬಸ್ಸು ಹೋಗುತ್ತದೆ. ಹೊರಗೆ ಸೂಗಪ್ಪನ ಸ್ಕೂಟರ್ ಹಾರ್ನ್ ಹೊಡೆಯುತ್ತಿತ್ತು. ಇತ್ತ ಫೋನಿನಲ್ಲಿ ತುಳಸಾಬಾಯಿ, "ಕುಂಚಿಗಿ ಮರೀಬ್ಯಾಡ್ರಿ. ಕೂಸು ನಿಮ್ಮಂಗ ನಕ್ಕೋತ ಮಲಗೇತಿ, ಬೇಕಾದ್ರ ಬಂದ ನೋಡ್ರಿ," ಅನ್ನುತ್ತಿದ್ದಳು. ರಾಯರಿಗೆ ಎದೆ ತುಂಬಿ ಬಂತು. ಸಂಜೆ ಬಸ್ಸಿನ ಕಿಟಕಿ ಪಕ್ಕ ಕೂತು ಕಣ್ಣು ಮುಚ್ಚಿದರೆ ಬೆಳಿಗ್ಗೆ ಮೊಮ್ಮಗಳ ಮುಂದೆ ಕಣ್ಣು ತೆರೆಯಬೇಕು, ಇಷ್ಟೇ ಅವರಿಗೆ ಬೇಕಾದದ್ದು. ಇನ್ನೇನು ಬೇಡ ಪರಮಾತ್ಮಾ ಅಂದುಕೊಂಡರು. ಹಸಿರು ತೆಗೆಯುವ ಆ ಎಫೆಕ್ಟನ್ನು ಸಾಹೇಬರೊಬ್ಬರ ಮೇಲೆ ಹಾಕುವ ಬದಲು ಮೇಲಿನಿಂದ ಕೆಳಗಿನವರೆಗೆ ಇಡೀ ದೃಶ್ಯಕ್ಕೇ ಎಳೆದುಬಿಟ್ಟರು. ತಲೆಯ ಅಂಚು ಫಳಫಳ ಅಂತ ಸ್ವಚ್ಛವಾಯಿತು. ಅಷ್ಟು ನೋಡಿದರು, ಮುಂದೆ ನೋಡಲಿಲ್ಲ. ವಿಡಿಯೋ ತಯಾರಾದದ್ದೇ ಪೆನ್‌ಡ್ರೈವಿಗೆ ಇಳಿಸಿ, ಬ್ಯಾಗು ಹೆಗಲಿಗೇರಿಸಿ, ಸೂಗಪ್ಪನ ಹಿಂದೆ ಕೂತರು.

ಕಾಲೋನಿಯ ಸಭಾಭವನ ತುಂಬಿ ತುಳುಕುತ್ತಿತ್ತು. ಮುಂದಿನ ಸಾಲಿನಲ್ಲಿ ಕಾರ್ಖಾನೆಯ ದೊಡ್ಡ ಸಾಹೇಬರು, ಅವರ ಸುತ್ತ ತೆಲುಗಿನ ಅಧಿಕಾರಿಗಳು, ಹಿಂದೆ ಕನ್ನಡದ ಮಂದಿ. ವೇದಿಕೆಯ ಮೇಲೆ ನೀಲಿ ಸೂಟಿನ ನರಹರಿ ಸಾಹೇಬರು, ಬಗಲಿಗೆ ಹಸಿರು ಸೀರೆಯ ವನಜಾಬಾಯಿ, ಆ ಬದಿಗೆ ನಾಳೆಯಿಂದ ಸಾಹೇಬರ ಜಾಗಕ್ಕೆ ಬರುವ ಹುಲಗೇಶ. ಹುಲಗೇಶ ಮೆತ್ತಗಿನ ಹುಡುಗ, ಫೋನಿನಲ್ಲಿ ಕೇಳಿದರೂ ರಜೆ ಕೊಡುವಂಥವನು. ರಾಯರು ಬಾಗಿಲ ಬಳಿ ನಿಂತರು. ಬ್ಯಾಗು ಕೆಳಗಿಡಲಿಲ್ಲ.

ದೀಪ ಆರಿದವು. ಮೊದಲು ಕಾಶ್ಮೀರ ಬಂತು, ವನಜಾಬಾಯಿ ಬಂದರು, ಹಳದಿ ಹೂಗಳೂ ಬಂದವು. ಚಪ್ಪಾಳೆ ಬಿತ್ತು. ಆಮೇಲೆ ಸಮುದ್ರ, ಹಡಗು, ಹಡಗಿನ ಮುಂದೆ ಕಣ್ಣು ಕಿರಿದು ಮಾಡಿದ ನರಹರಿ ಸಾಹೇಬರು. ಅಕ್ಷರಗಳು ಹಾರಿ ಬರಲಾರಂಭಿಸಿದವು. ಎಡದಿಂದ ಕೆಂಪು ನ ಬಂತು. ಬಲದಿಂದ ಹಳದಿ ರಿ ಬಂತು. ನಡುವಿನವು ಬರಲೇ ಇಲ್ಲ.

ರಾಯರಿಗೆ ಆಗ ಹೊಳೆಯಿತು. ಹಸಿರು ತೆಗಿ ಅಂತ ಇಡೀ ದೃಶ್ಯಕ್ಕೆ ಹೇಳಿದ್ದರು, ಕಂಪ್ಯೂಟರ್ ಪಾಪ ಹೇಳಿದ ಮಾತು ಕೇಳಿತ್ತು. ಮುತ್ತೈದೆಯ ಹಸಿರನ್ನೂ ಪಾಚಿಯ ಜೊತೆಗೆ ತೊಳೆದು ಹಾಕಿತ್ತು. ಸಾಹೇಬರ ಎದೆಯ ಮೇಲೆ ಆಳುದ್ದದ 'ನ' ಮತ್ತು 'ರಿ' ಎರಡೇ ಥಳಥಳ ಹೊಳೆಯುತ್ತ ನಿಂತವು.

ತೆಲುಗಿನವರಿಗೆ ಕನ್ನಡದ ಅಕ್ಷರ ಓದಲು ಬರುತ್ತದಲ್ಲ, ಅದು ಇನ್ನೊಂದು ಕಂಟಕ. ದೊಡ್ಡ ಸಾಹೇಬರು ಒಂದೊಂದೇ ಕೂಡಿಸಿ ಓದಿ, "ನರಿ... ನರಿ ಅಂಟೇ ಏಂಟಿ?" ಅಂತ ಹಿಂದಕ್ಕೆ ತಿರುಗಿ, ನರಿ ಅಂದರೆ ಏನು ಅಂತ ತೆಲುಗಿನಲ್ಲಿ ಕೇಳಿದರು. ಹಿಂದೆ ಕೂತವರು ಬೇರೆ ಯಾರಾದರೂ ಆಗಿದ್ದರೆ ಏನಾದರೂ ಹೇಳಿ ತೇಲಿಸುತ್ತಿದ್ದರು. ಕೂತದ್ದು ಸಾವಿತ್ರಿಬಾಯಿ. ಕೇಳಿದ್ದಕ್ಕೆ ಉತ್ತರ ಕೊಡದೆ ಅವರಿಂದ ಇರಲಾಗುವುದಿಲ್ಲ. "ನಕ್ಕ, ಸಾರ್," ಅಂದರು.

ತೆಲುಗಿನಲ್ಲಿ ನರಿಗೆ ನಕ್ಕ ಅನ್ನುತ್ತಾರೆ. ತೆಲುಗಿನವರ ಸಾಲಿನಲ್ಲಿ ನಗೆ ಬುಸ್ಸಂತ ಎದ್ದಿತು. ಕನ್ನಡದವರ ಸಾಲಿಗೆ ಅದು ಬೇರೆಯೇ ಕೇಳಿಸಿತು. "ಯಾರ ನಕ್ಕ?" "ಸಾಹೇಬ್ರು ನಕ್ಕರಂತ." "ಎಲ್ಲಿ, ನಗವಲ್ರಲ್ಲ!" ಅಂತ ಎಲ್ಲರೂ ಎದ್ದು ಎದ್ದು ವೇದಿಕೆ ನೋಡಿದರು. ಸಾಹೇಬರು ನಕ್ಕಿರಲಿಲ್ಲ. ಅವರ ಮುಖ ಮೊದಲನೆಯ ಅಕ್ಷರದ ಬಣ್ಣಕ್ಕೆ ತಿರುಗಿತ್ತು. ಅದನ್ನು ನೋಡಿ ಕನ್ನಡದವರೂ ತಡೆಯಲಾರದೆ ನಕ್ಕುಬಿಟ್ಟರು. ವನಜಾಬಾಯಿ ಮಾತ್ರ ತಮ್ಮ ಎರಡು ಅಕ್ಷರಗಳನ್ನು ಪರದೆಯ ತುಂಬ ಹುಡುಕುತ್ತಿದ್ದರು.

ದೀಪ ಹತ್ತಿದವು. ಸಾಹೇಬರ ಕಣ್ಣು ಸಭೆಯನ್ನು ದಾಟಿ ನೇರ ಬಾಗಿಲಿಗೆ ಬಂದು ರಾಯರ ಮೇಲೆ ನಿಂತಿತು. ರಾಯರು ಬಾಗಿಲ ಚೌಕಟ್ಟಿಗೆ ಅಂಟಿಕೊಂಡರು. ಮುಂದಿನ ಗಳಿಗೆ ಅವರಿಗೇ ಆಶ್ಚರ್ಯವಾಗುವ ಹಾಗೆ ಒಂದು ಮಾತು ಹೊಳೆಯಿತು. ಅಲ್ಲ, ಈ ಮನುಷ್ಯ ಇನ್ನು ನನಗೆ ಏನು ಮಾಡಿಯಾನು? ಇವತ್ತಿಗೆ ಅವರ ಸರ್ವೀಸು ಮುಗಿಯಿತು. ಸಹಿ ಹಾಕದಿದ್ದರೆ ಬೇಡ, ಬಸ್ಸಿನಿಂದಲೇ ಹುಲಗೇಶನಿಗೆ ಫೋನು ಮಾಡಿದರಾಯಿತು. ನಾಳೆಯಿಂದ ಇವರು ಯಾರೋ, ನಾನು ಯಾರೋ. ವಿಡಿಯೋ ಕೆಟ್ಟದ್ದೂ ಒಳ್ಳೆಯದೇ ಆಯಿತು, ಇನ್ನು ಯಾರೂ ಬಾಗಿಲು ಬಡಿಯುವುದಿಲ್ಲ. ಎಷ್ಟೋ ದಿನದ ಮೇಲೆ ರಾಯರ ಹೆಗಲು ಹಗುರಾಯಿತು. ಹೊಸಿಲು ದಾಟಲು ಅವರು ಬಲಗಾಲು ಎತ್ತಿದರು.

ಆಗ ದೊಡ್ಡ ಸಾಹೇಬರು ಮೈಕಿನ ಮುಂದೆ ಬಂದರು. ನಗೆ ಇನ್ನೂ ಅವರ ಮುಖದ ಮೇಲಿತ್ತು. ಒಂದು ಸಂತೋಷದ ಸುದ್ದಿ ಕೊನೆಯವರೆಗೂ ಕಾದಿರಿಸಿದ್ದೆ ಅಂದರು. ದಿಲ್ಲಿಯಿಂದ ಈಗಷ್ಟೇ ಆದೇಶ ಬಂದಿದೆ, ಹುಲಗೇಶನನ್ನು ಬೇರೆ ಕಡೆ ಕಳಿಸುತ್ತಿದ್ದಾರೆ, ನರಹರಿಯವರ ಅನುಭವ ಕಾರ್ಖಾನೆಗೆ ಇನ್ನೂ ಬೇಕಾಗಿದೆ, ಅವರಿಗೆ ಒಂದು ವರ್ಷದ ಎಕ್ಸ್‌ಟೆನ್ಶನ್. "ಮೀ ನರಹರಿಗಾರು ಎಕ್ಕಡಿಕೀ ವೆಳ್ಳರು!" ಅಂತ ಕೈಯೆತ್ತಿ ಸಾರಿದರು. ನಿಮ್ಮ ನರಹರಿ ಎಲ್ಲಿಗೂ ಹೋಗುವುದಿಲ್ಲ.

ಸಭೆ ಚಪ್ಪಾಳೆಯಿಂದ ಅದುರಿತು. ಸೂಗಪ್ಪ ಸೀಟಿ ಹೊಡೆದ. ವೇದಿಕೆಯ ಮೇಲೆ ಒಬ್ಬರ ಮುಖ ಮಾತ್ರ ಬಾಡಿತು, ಅದು ವನಜಾಬಾಯಿಯದು. ಕೆಳಗೆ ಒಬ್ಬರ ಕಾಲು ಮಾತ್ರ ಹೊಸಿಲ ಮೇಲೆ ನಿಂತುಬಿಟ್ಟಿತು, ಅದು ರಾಯರದು.

ನರಹರಿ ಸಾಹೇಬರು ಹಾರ ಸರಿಪಡಿಸಿಕೊಳ್ಳುತ್ತ ವೇದಿಕೆ ಇಳಿದು ಬಂದರು. ಸಿಟ್ಟು ಎಲ್ಲಿಗೋ ಹೋಗಿತ್ತು. ಮೈತುಂಬ ಹುರುಪು. ರಾಯರ ಹೆಗಲ ಮೇಲಿದ್ದ ಬ್ಯಾಗನ್ನು ತಾವೇ ಇಳಿಸಿ ನೆಲದ ಮೇಲಿಟ್ಟರು.

"ಪ್ರಹ್ಲಾದರಾವ್, ನರಿ ಇನ್ನೂ ಒಂದ ವರ್ಷ ಇಲ್ಲೇ ಐತ್ರಿ," ಅಂದರು. "ನಾಳೆ ದಿಲ್ಲಿ ಟೀಮ್ ಬರಾಕತ್ತೈತಿ. ದೊಡ್ಡ ಸಾಹೇಬ್ರಿಗೆ ನಿಮ್ಮ ವಿಡಿಯೋ ಭಾಳ ಸೇರೇತಂತ, ಹಿಂಗ ನಗೂದು ಬರೂವಂಥಾದ್ದು ಅವರಿಗೂ ಒಂದ ಮಾಡಸ್ರಿ ಅಂದಾರ. ಮುಂಜಾನೆ ಲಗೂನ ಬರ್ರಿ."

"ಸಾಹೇಬ್ರ, ರಜಾ... ತೊಟ್ಟಲ..." ಅಂದರು ರಾಯರು.

"ಅಯ್ಯ, ನಾನರ ಎಂದ ರಜಾ ತಗೊಂಡೀನ್ರಿ? ಕೇಳ್ರಿ ನಮ್ಮಾಕಿನ್ನ," ಅಂತ ಸಾಹೇಬರು ಹೆಂಡತಿಯ ಕಡೆ ಕೈ ಮಾಡಿದರು. ವನಜಾಬಾಯಿ ಹೂವಿನ ಬುಟ್ಟಿಯ ಹಿಂದೆ ಹೋಗಿ ಕೂತರು.

ರಾಯರಿಗೆ ಒಲ್ಲೆ ಅನ್ನಬೇಕು ಅನ್ನಿಸಿತು. ಜೀವಮಾನದಲ್ಲಿ ಒಮ್ಮೆಯಾದರೂ ಅನ್ನಬೇಕು ಅನ್ನಿಸಿತು. ಬಾಯಿ ತೆರೆದರು, "ಆಗಲ್ರಿ" ಅಂತ ಬಂತು. ಜನ ಖಾರಾ ಬೂಂದಿಯ ತಟ್ಟೆಗಳ ಕಡೆ ನುಗ್ಗಿದರು. ರಾಯರು ಬ್ಯಾಗಿನ ಪಕ್ಕದ ಕುರ್ಚಿಯಲ್ಲಿ ಕೂತರು. ಅಳಬೇಕು ಅನ್ನಿಸಿತು, ಅದಕ್ಕೂ ದಣಿವಾಗಿತ್ತು. ಜೇಬಿನಲ್ಲಿ ಫೋನು ಬಡಕೊಳ್ಳುತ್ತಿತ್ತು.

"ಬಸ್ ಹತ್ತಿದ್ರೇನ್ರಿ?" ಅಂದಳು ತುಳಸಾಬಾಯಿ. ಹಿಂದೆ ಕೂಸು ಅಳುವ ಸದ್ದು ಕೇಳುತ್ತಿತ್ತು.

ರಾಯರು ಆ ಸದ್ದು ನಿಲ್ಲುವ ತನಕ ಫೋನನ್ನು ಕಿವಿಗೆ ಒತ್ತಿ ಹಿಡಿದರು. ಆಮೇಲೆ ಕೆಲಸದ ದನಿಯಲ್ಲಿ ಹೇಳಿದರು.

"ಇಲ್ಲಿ ಕೇಳು. ನಾಳೆ ತೊಟ್ಟಲದ ಫೋಟೋ ತಗೀತಾರಲ್ಲ, ಆವಾಗ ತೊಟ್ಟಲದ ಬಾಜೂಕ ಒಬ್ಬ ಮನಶಾ ನಿಂದರುವಷ್ಟು ಜಾಗಾ ಬಿಟ್ಟ ತಗೀ ಅಂತ ಕಾರ್ತಿಕಗ ಹೇಳು."

"ಯಾಕ್ರಿ? ಯಾರಿಗೆ ಆ ಜಾಗಾ?"

"ನನಗ," ಅಂದರು ರಾಯರು.